ಡಮಾಮಿ ಮುಟ್ಟಿದವರು ಯಾರು

ನನಗೆ ಅನುಮಾನ ಹೆಚ್ಚು ಎಂದು ಮದುವೆಯಾದ ಹೊಸದರಲ್ಲೇ ನನ್ನ ಗಂಡ ತೀರ್ಪು ಕೊಟ್ಟುಬಿಟ್ಟರು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದೇ ನನ್ನ ಎಣಿಕೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಆದರೆ ಇದು ನನ್ನ ಹುಟ್ಟುಗುಣವಲ್ಲ, ಊರೂರು ತಿರುಗಿ ಕಲಿತದ್ದು. ಹೋದಲ್ಲೆಲ್ಲ ಜನ ಮೊದಲು ನನ್ನ ಕೂದಲು ನೋಡುತ್ತಾರೆ, ಆಮೇಲೆ ಮೂಗು ನೋಡುತ್ತಾರೆ, ಆಮೇಲೆ ಕೈಯಲ್ಲಿ ಏನು ಹಿಡಿದಿದ್ದೇನೆ ಎಂದು ನೋಡುತ್ತಾರೆ. ಇಷ್ಟು ವರ್ಷ ಬೇರೆಯವರ ಅನುಮಾನ ಉಂಡವಳು ಸ್ವಲ್ಪ ತಿರುಗಿ ಬಡಿಸಿದರೆ ಯಾರೂ ಬೇಸರಪಟ್ಟುಕೊಳ್ಳಬಾರದು.

ನಾವು ಸಿದ್ದಿಗಳು, ಹಳಿಯಾಳದ ಕಡೆಯ ಕಾಡಿನವರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಮಾರಿದರಂತೆ. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಎಷ್ಟು ತಲೆಮಾರಿನ ಹಿಂದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆ ಕಡೆಯಿಂದ ಬಂದು ಉಳಿದದ್ದು ಎಂದರೆ ಬಣ್ಣ, ಕೂದಲು ಮತ್ತು ಡಮಾಮಿ. ಮರದ ದಿಮ್ಮಿ ಕೊರೆದು, ಎರಡೂ ಬಾಯಿಗೆ ಚರ್ಮ ಹೊದಿಸಿ, ಹಗ್ಗದಿಂದ ಬಿಗಿದ ಉದ್ದನೆಯ ವಾದ್ಯ ಅದು. ಚರ್ಮ ಯಾವ ಪ್ರಾಣಿಯದು ಎಂದು ಕೇಳಬೇಡಿ. ಕೇಳಿದರೆ ಆಡಿನದು ಎನ್ನುತ್ತೇನೆ.

ನಮ್ಮ ಮನೆಯಲ್ಲಿರುವುದು ಅವ್ವನ ಡಮಾಮಿ. ಊರಿನಲ್ಲಿ ಹೆಚ್ಚಾಗಿ ಗಂಡಸರು ಬಾರಿಸುತ್ತಾರೆ, ಹೆಂಗಸರು ಹಾಡಿ ಕುಣಿಯುತ್ತಾರೆ. ಅಪ್ಪನಿಗೆ ತಾಳ ನಿಲ್ಲುತ್ತಿರಲಿಲ್ಲವಾದ್ದರಿಂದ ಅವ್ವ ಎರಡನ್ನೂ ತಾನೇ ಮಾಡುತ್ತಿದ್ದಳು.

ನಾನು ಹುಡುಗಿಯಾಗಿದ್ದಾಗ ದೊಡ್ಡವರಿಗೆ ಯಾರಿಗೋ ಒಂದು ಯೋಚನೆ ಹೊಳೆಯಿತು: ಇವರದು ಆಫ್ರಿಕಾದ ರಕ್ತ, ಓಡಿಸಿದರೆ ಪದಕ ಬರುತ್ತದೆ. ನಮ್ಮ ಹಟ್ಟಿಗಳಿಗೆ ಜೀಪು ಬಂತು. ಮಕ್ಕಳ ಕಾಲಿನ ಉದ್ದ ನೋಡಿದರು, ಓಡಿಸಿ ನೋಡಿದರು, ಆರಿಸಿದವರನ್ನು ಕ್ರೀಡಾ ಹಾಸ್ಟೆಲಿಗೆ ಒಯ್ದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರೂ ಇಷ್ಟೇ ನಯವಾಗಿರುತ್ತಾರೆ. ಮೂರು ಹೊತ್ತು ಊಟ ಸಿಕ್ಕಿತು, ಬೂಟು ಸಿಕ್ಕಿತು, ಓಡಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ವಾರ್ಷಿಕೋತ್ಸವದ ಬಗ್ಗೆ. ಯಾರೋ ಗಣ್ಯರು ಬರುತ್ತಾರೆಂದು ನಮ್ಮ ಸೊಂಟಕ್ಕೆ ಎಲೆ ಕಟ್ಟಿದರು, ಮುಖದ ಮೇಲೆ ಸುಣ್ಣದ ಚುಕ್ಕೆ ಇಟ್ಟರು, ಕೈಗೆ ಕೋಲು ಕೊಟ್ಟು "ಹೂ ಹಾ ಅನ್ರಿ" ಎಂದರು. ನಮ್ಮ ಊರಿನಲ್ಲಿ ಯಾರೂ ಎಲೆ ಉಟ್ಟದ್ದನ್ನು ನಾನು ಕಂಡಿರಲಿಲ್ಲ. ಅವ್ವ ಆ ದಿನ ಡಮಾಮಿ ಹೊತ್ತುಕೊಂಡು ಬಸ್ಸು ಬದಲಿಸುತ್ತ ಬಂದಿದ್ದಳು, ಮಗಳು ಕುಣಿಯುವಾಗ ತಾನು ಬಾರಿಸಬೇಕೆಂದು. ನನ್ನನ್ನು ನೋಡಿದಳು, ಡಮಾಮಿಗೆ ಸುತ್ತಿದ್ದ ಅರಿವೆ ಬಿಚ್ಚಲೇ ಇಲ್ಲ.

"ಇಂಥವರ ಮುಂದ ಇದನ್ನ ಎಂದೂ ಬಾರಿಸಬ್ಯಾಡ" ಎಂದಷ್ಟೇ ಹೇಳಿ ತಿರುಗಿ ಹೋದಳು. ಅವ್ವ ತೀರಿದ ಮೇಲೆ ಡಮಾಮಿ ನನಗೆ ಬಂತು, ಜೊತೆಗೆ ಆ ಮಾತೂ ಬಂತು.

ಓಡಿದ್ದರ ಫಲವಾಗಿ ಕ್ರೀಡಾ ಕೋಟಾದಲ್ಲಿ ಬ್ಯಾಂಕಿನ ನೌಕರಿ ಸಿಕ್ಕಿತು. ಮೊದಲು ಬಹಳ ವರ್ಷ ಛತ್ರಪತಿ ಸಂಭಾಜಿನಗರದಲ್ಲಿದ್ದೆವು, ಆಗ ಅದರ ಹೆಸರು ಬೇರೆ ಇತ್ತು. ಆ ಊರಿಗೆ ಅಡಿಪಾಯ ಹಾಕಿದವನೇ ಒಬ್ಬ ಹಬಶಿ, ಎಂದರೆ ನಮ್ಮ ಹಿರಿಯರ ಹಾಗೆ ಆಫ್ರಿಕಾದವನು. ಚಿಕ್ಕಂದಿನಲ್ಲಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖ್ಖನಿಗೆ ಬಂದು, ಕೊನೆಗೆ ರಾಜ್ಯವನ್ನೇ ನಡೆಸಿದವನು. ಅವನು ನೆಲದಡಿ ತರಿಸಿದ ನೀರಿನ ಕಾಲುವೆಗಳನ್ನು ಊರಿನವರು ಹೆಮ್ಮೆಯಿಂದ ತೋರಿಸುತ್ತಾರೆ, ತೋರಿಸುತ್ತಲೇ ನನ್ನನ್ನು "ಯಾವ ದೇಶ?" ಎಂದು ಕೇಳುತ್ತಾರೆ. ಒಮ್ಮೆ ಅಕ್ಕ ಬಂದಾಗ ದೌಲತಾಬಾದಿನ ಕೋಟೆಗೆ ಹೋಗಿದ್ದೆವು. ಒಬ್ಬ ಗೈಡು ನಮ್ಮ ಬೆನ್ನು ಹತ್ತಿ ಇಂಗ್ಲಿಷಿನಲ್ಲಿ ಆ ಹಬಶಿಯ ಕಥೆ ಹೇಳತೊಡಗಿದ, ನಿಮ್ಮ ದೇಶದವನೇ ಮೇಡಂ ಎಂದ. ನಮ್ಮ ದೇಶ ಹಳಿಯಾಳ ಎಂದು ಮರಾಠಿಯಲ್ಲಿ ಹೇಳಿದೆ. ಮೊದಲೇ ಹೇಳಬಾರದಿತ್ತೇ ತಾಯಿ, ಇಷ್ಟು ಹೊತ್ತು ಇಂಗ್ಲಿಷಿನಲ್ಲಿ ಒದ್ದಾಡಿದೆ ಎಂದು ಅವನು ನಮ್ಮ ಮೇಲೆಯೇ ಮುನಿಸಿಕೊಂಡ.

ಅಲ್ಲಿ ಬೀದರ ಕಡೆಯ ಬೇಳೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕನ್ನಡ ಕೇಳಿ ಖುಷಿಯಿಂದ ಮಾತಾಡಿಸಿದ್ದೆ. ಅವರು ತಕ್ಕಡಿ ಹಿಡಿದ ಕೈ ನಿಲ್ಲಿಸಿ, "ಕನ್ನಡ ಭಾಳ ಛಂದ ಮಾತಾಡ್ತೀರಿ. ಎಲ್ಲಿ ಕಲತ್ರಿ?" ಎಂದರು.

"ಅವ್ವನ ಹೊಟ್ಟ್ಯಾಗ ಕಲತೇನ್ರಿ" ಎಂದೆ. ಆಮೇಲೆ ಅವರು ತೂಕದಲ್ಲಿ ಎಂದೂ ಮೋಸ ಮಾಡಲಿಲ್ಲ, ಆದರೂ ನಾನು ತಕ್ಕಡಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಈಗ ನಾಸಿಕದಲ್ಲಿದ್ದೇವೆ. ಗಂಡ ರೈಲ್ವೆಯವರು, ಮನಮಾಡದಲ್ಲಿ ಡ್ಯೂಟಿ, ರಜೆಗೆ ಮನೆಗೆ ಬರುತ್ತಾರೆ. ಮನೆಯಲ್ಲಿ ನಾನು ಮತ್ತು ಹನ್ನೊಂದನೇ ತರಗತಿಯ ಮಗಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಈ ಕಡೆಯೇ, ಜಗಳ ಕೂಡ ಮರಾಠಿಯಲ್ಲೇ ಆಡುತ್ತಾಳೆ. ನಾನು ಕನ್ನಡದಲ್ಲಿ ನಾಲ್ಕು ಮಾತು ಬೈದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ "ಹೋ ಮಮ್ಮಿ" ಎಂದು ಮರಾಠಿಯಲ್ಲಿ ಬರುತ್ತದೆ. ಕೆಳಗಿನ ಮನೆಯಲ್ಲಿ ಮನೆಯೊಡತಿ ಇದ್ದಾರೆ, ವಯಸ್ಸಾದ ಮರಾಠಿ ಹೆಂಗಸು. ನಾವೆಲ್ಲ ಕಾಕೂ ಎನ್ನುತ್ತೇವೆ. ಮನೆ ನೋಡಲು ಬಂದ ದಿನ ಅವರು ನನ್ನ ಪಾಸ್‌ಪೋರ್ಟ್ ಕೇಳಿದ್ದರು. ಆಧಾರ್ ಕಾರ್ಡು ಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಒಪ್ಪಿಕೊಂಡರು. ನಮ್ಮಿಬ್ಬರ ಸಂಬಂಧ ಹೀಗೆ ಸರಿಸಮವಾಗಿ ಶುರುವಾಯಿತು.

ಕಳೆದ ಚಳಿಗಾಲದಲ್ಲಿ ರಜಾಯಿ ತೆಗೆಯಲು ಅಟ್ಟದ ಮೇಲೆ ಕೈ ಹಾಕಿದಾಗ ಡಮಾಮಿಯ ಗಂಟು ಕಣ್ಣಿಗೆ ಬಿತ್ತು. ನಾನು ಕಟ್ಟಿಗೆಯ ಹೊರೆ ಕಟ್ಟುವಂತೆ ಕಟ್ಟಿ, ಹಗ್ಗದ ತುದಿಯನ್ನು ಒಳಗೆ ಸೇರಿಸುತ್ತೇನೆ. ಈಗ ಅಲ್ಲಿ ಬೂಟಿನ ಲೇಸಿನ ಹಾಗೆ ಎರಡು ಕಿವಿಯ ಗಂಟು ಕೂತಿತ್ತು. ಯಾರೋ ಬಿಚ್ಚಿ ಕಟ್ಟಿದ್ದಾರೆ.

ಮನಮಾಡಕ್ಕೆ ಫೋನು ಹಚ್ಚಿದೆ. "ಇಲಿ ಆಡಿರಬೇಕು, ಬಿಡು" ಎಂದರು ಗಂಡ.

"ಇಲಿ ಲೇಸಿನ ಗಂಟು ಕಟ್ಟತೈತೇನ್ರಿ?"

"ನಾಸಿಕದ ಇಲಿ ಶಾಣ್ಯಾ ಇರತಾವ" ಎಂದು ಹೇಳಿ ಗಾಡಿ ಬಂತೆಂದು ಫೋನು ಇಟ್ಟರು. ಅವರ ಗಾಡಿಗಳು ಯಾವಾಗಲೂ ಸರಿಯಾದ ಹೊತ್ತಿಗೇ ಬರುತ್ತವೆ.

ನನ್ನ ಮೊದಲ ಅನುಮಾನ ಕಾಕೂ ಮೇಲೆ. ನಮ್ಮ ಮನೆಯ ಇನ್ನೊಂದು ಕೀಲಿ ಅವರ ಹತ್ತಿರ ಇದೆ. ಕೆಳಗಿಳಿದು ಹೋಗಿ, ನೀರಿನ ಟಾಕಿಯ ನೆಪ ತೆಗೆದು, ನಮ್ಮ ಮನೆಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಕಾಕೂ ನನ್ನನ್ನೇ ಅನುಮಾನದಿಂದ ನೋಡಿದರು. ಭಾನುವಾರ ಬೆಳಿಗ್ಗೆ ನಿಮ್ಮ ಮನೆಯಿಂದ ಧಪ್ ಧಪ್ ಸದ್ದು ಬರುತ್ತದೆ, ನಿಮ್ಮ ಪೈಕಿ ಅದೇನೋ ಪೂಜೆ ಇರಬೇಕೆಂದು ಸುಮ್ಮನಿದ್ದೆ, ಅದರಿಂದ ಮನೆಗೆ ಏನೂ ಆಗುವುದಿಲ್ಲ ತಾನೆ ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲಿರುವುದಿಲ್ಲ. ಮೈದಾನದಲ್ಲಿ ಮಕ್ಕಳಿಗೆ ಓಟ ಕಲಿಸಲು ಹೋಗುತ್ತೇನೆ.

ಮೇಲೆ ಬಂದು ಡಮಾಮಿಯನ್ನು ಇಳಿಸಿ ಅರಿವೆ ಬಿಚ್ಚಿದೆ. ಹಗ್ಗದ ಸಂದಿಯಲ್ಲಿ ಒಣಗಿದ ತೆಂಗಿನಕಾಯಿಯ ಚೂರು ಸಿಕ್ಕಿಸಿದ್ದು ಕಂಡಿತು. ಮರದ ಮೇಲೆ ಹೊಸ ಕುಂಕುಮವಿತ್ತು.

ನಮ್ಮ ಮನೆತನದಲ್ಲಿ ಡಮಾಮಿ ಬಾರಿಸುವ ಮೊದಲು ಹಿರಿಯರನ್ನು ಕೇಳಬೇಕು. ಹಿರಿಯರೆಂದರೆ ತೀರಿಹೋದವರು. ಕಾಯಿ ಒಡೆದು ಒಂದು ಚೂರನ್ನು ಹಗ್ಗಕ್ಕೆ ಸಿಕ್ಕಿಸಿ, ಕುಂಕುಮ ಹಚ್ಚಿ, "ಮುಟ್ಟತೇವ್ರಿ, ಸಿಟ್ಟಾಗಬ್ಯಾಡ್ರಿ" ಎಂದು ಹೇಳಿ ಮುಟ್ಟುತ್ತೇವೆ. ವರ್ಷಕ್ಕೊಮ್ಮೆ ನಾನು ಹಾಗೆ ಮಾಡಿ, ಎರಡು ಪೆಟ್ಟು ಬಾರಿಸಿ, ಮತ್ತೆ ಕಟ್ಟಿ ಇಡುತ್ತಿದ್ದೆ. ಈ ಕಳ್ಳರು ಯಾರೇ ಇರಲಿ, ಕಳುವಿಗೆ ಮೊದಲು ಹಿರಿಯರ ಅಪ್ಪಣೆ ತೆಗೆದುಕೊಂಡಿದ್ದರು. ಇಡೀ ನಾಸಿಕದಲ್ಲಿ ಹಾಗೆ ಮಾಡುವವರು ಇನ್ನೊಬ್ಬರೇ ಇದ್ದರು, ಅವರು ಪಕ್ಕದ ಕೋಣೆಯಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಫಿಜಿಕ್ಸ್ ಓದುತ್ತಿದ್ದರು.

ಮಗಳನ್ನು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ನಿಜ ಬರುತ್ತದೆಂಬ ಭರವಸೆ ಇಲ್ಲ. ಮುಂದಿನ ಭಾನುವಾರ ಮೈದಾನಕ್ಕೆಂದು ಹೊರಟು, ಎದುರಿನ ಚಹಾದಂಗಡಿಯಲ್ಲಿ ಪೇಪರ್ ಅಡ್ಡ ಹಿಡಿದು ನಿಂತೆ. ಸ್ವಲ್ಪ ಹೊತ್ತು ನಮ್ಮ ಮನೆಯಿಂದ ಧಪ್ ಧಪ್ ಕೇಳಿಸಿತು, ಆಮೇಲೆ ಮಗಳು ಬೆಡ್‌ಶೀಟಿನಲ್ಲಿ ಸುತ್ತಿದ ಡಮಾಮಿಯನ್ನು ಕೂಸಿನಂತೆ ಎತ್ತಿಕೊಂಡು ಬಂದು ರಿಕ್ಷಾ ಹತ್ತಿದಳು. ನಾನು ಇನ್ನೊಂದು ರಿಕ್ಷಾ ಹಿಡಿದೆ. ಮುಂದಿನ ರಿಕ್ಷಾದ ಹಿಂದೆಯೇ ಹೋಗು ಎಂದಾಗ ಚಾಲಕನಿಗೆ ಬಹಳ ಸಂತೋಷವಾಯಿತು.

ರಿಕ್ಷಾ ನಿಂತದ್ದು ಶರಣಪುರದ ಕಡೆ, ಹಳೆಯ ಮರಗಳಿರುವ ಒಂದು ಆವರಣದ ಹೊರಗೆ. ಅಲ್ಲಿ ಒಂದು ಕಟ್ಟೆಯ ಮೇಲೆ ಎತ್ತರದ ಆಫ್ರಿಕಾದ ಹುಡುಗನೊಬ್ಬ ತನ್ನದೊಂದು ಡೋಲು ಹಿಡಿದು ಕಾಯುತ್ತಿದ್ದ. ಮಗಳು ಅವನ ಪಕ್ಕದಲ್ಲಿ ಕೂತು ಅರಿವೆ ಬಿಚ್ಚಿದಳು. ಹದಿನಾರು ವರ್ಷದ ಮಗಳ ತಾಯಿಗೆ ಏನೇನು ಅನಿಸಬೇಕೋ ಅದೆಲ್ಲ ನನಗೆ ಅನಿಸಿತು. ನೇರ ಹೋಗಿ ಅವರ ಮುಂದೆ ನಿಂತೆ.

ಹುಡುಗ ಎದ್ದು ನಿಂತು, ತಲೆ ಬಗ್ಗಿಸಿ, "ಶಿಕಾಮೂ, ಮಾಮಾ" ಎಂದ. ನನ್ನನ್ನು ಮಾಮಾ ಎಂದನಲ್ಲ ಎಂದು ರೇಗಿತು. ಅವರ ಸ್ವಾಹಿಲಿ ಭಾಷೆಯಲ್ಲಿ ಮಾಮಾ ಎಂದರೆ ಅವ್ವ, ಶಿಕಾಮೂ ಎಂದರೆ ನಿಮ್ಮ ಕಾಲು ಹಿಡಿಯುತ್ತೇನೆ ಎಂದರ್ಥ ಎಂದು ಮಗಳು ಗಡಿಬಿಡಿಯಿಂದ ವಿವರಿಸಿದಳು. ಕಾಲು ಹಿಡಿಯುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಅವನು ಕೀನ್ಯಾದವನು, ಮೊಂಬಾಸಾ ಹತ್ತಿರದ ಊರು, ಇಲ್ಲಿ ಮಗಳ ಕಾಲೇಜಿನ ಪಕ್ಕದಲ್ಲೇ ಔಷಧಶಾಸ್ತ್ರ ಓದಲು ಬಂದಿದ್ದ. ಮುರುಕು ಹಿಂದಿಯಲ್ಲಿ ತನ್ನ ಕಥೆ ಹೇಳಿದ. ನೂರೈವತ್ತು ವರ್ಷಗಳ ಹಿಂದೆ, ಗುಲಾಮರನ್ನು ಸಾಗಿಸುವ ಹಡಗುಗಳನ್ನು ಬ್ರಿಟಿಷರು ತಡೆದು ಬಿಡಿಸಿದ ಮಕ್ಕಳನ್ನು ಈ ಶರಣಪುರಕ್ಕೆ ತಂದಿದ್ದರು. ಇಲ್ಲಿ ಅವರಿಗೆ ಓದು, ಬಡಗಿತನ, ಕಮ್ಮಾರಿಕೆ ಕಲಿಸಿ, ದೊಡ್ಡವರಾದ ಮೇಲೆ ಕೆಲವರನ್ನು ಮತ್ತೆ ಆಫ್ರಿಕಾಕ್ಕೆ ಕಳಿಸಿದರು. ಹಾಗೆ ಮರಳಿದವರ ಪೈಕಿ ತನ್ನ ಅಜ್ಜಿಯ ಹಿರಿಯರೂ ಇದ್ದರಂತೆ. ಅವರ ಮನೆಯಲ್ಲಿ ನಾಸಿಕ ಎಂಬ ಹೆಸರು ಮಕ್ಕಳಿಗೂ ಗೊತ್ತಂತೆ. ಊರು ನೋಡೋಣವೆಂದು ಇಲ್ಲಿಯೇ ಕಾಲೇಜು ಸೇರಿದನಂತೆ. ಕೇಳಲು ಚೆನ್ನಾಗಿತ್ತು. ಆದರೆ ನನ್ನ ಮುಖ ನೋಡಿ ನಂಟಸ್ತನ ಹೇಳಿಕೊಂಡು ಬಂದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಬ್ಬರು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಒಬ್ಬರು ಕೂದಲು ಮುಟ್ಟಿ ಹೋಗುತ್ತಾರೆ. ಈತ ಏನು ಒಯ್ಯಲು ಬಂದಿದ್ದಾನೆ ಎಂದು ನೋಡುತ್ತಲೇ ಇದ್ದೆ.

ಅಷ್ಟರಲ್ಲಿ ಮಗಳು ತಾನಾಗಿಯೇ ಬಾಯಿ ಬಿಟ್ಟಳು. ಶನಿವಾರ ಸಂಜೆ ದಿಂಡೋರಿಯ ಒಂದು ದ್ರಾಕ್ಷಿ ತೋಟದಲ್ಲಿ ಕಾರ್ಯಕ್ರಮ, ವೈನ್ ಮಾಡುವವರದು, 'ಆಫ್ರಿಕನ್ ಸಂಜೆ' ಅಂತ. ಇವರಿಬ್ಬರೂ ಬಾರಿಸುತ್ತಾರೆ. ನನ್ನ ಕಿವಿಯಲ್ಲಿ ಹಾಸ್ಟೆಲಿನ 'ಹೂ ಹಾ' ಕೇಳಿಸಿತು.

"ಎಲಿ ಕಟ್ಟಸ್ತಾರ ನಿನಗ" ಎಂದೆ. "ಮಾರಿಗೆ ಸುಣ್ಣಾ ಬಡೀತಾರ. ಮಂದಿ ಕುಡಕೋತ ಕೂತು ನಗತಾರ. ಡಮಾಮಿ ಅಲ್ಲಿಗೆ ಹೋಗೂದಿಲ್ಲ. ನೀನೂ ಹೋಗೂದಿಲ್ಲ."

"ಮಮ್ಮಿ, ಐಕ್ ನಾ", ಕೇಳಿಲ್ಲಿ, ಎಂದು ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ ಒಂದು ಮಾತು ಹೇಳಿದಳು: ಅಜ್ಜಿಯದನ್ನು ನೀನು ಹೆಣ ಕಟ್ಟಿದ ಹಾಗೆ ಕಟ್ಟಿಟ್ಟಿದ್ದೀಯ. ನಾನು ಡಮಾಮಿಯನ್ನು ಕಸಿದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಆ ಮಾತು ಎದೆಯಲ್ಲಿ ಚುಚ್ಚುತ್ತಿತ್ತು.

ಈಗ ಅದನ್ನು ಎಲ್ಲಿಡುವುದು? ಅಟ್ಟ ಅವಳಿಗೆ ಗೊತ್ತು, ಕಪಾಟಿನ ಕೀಲಿ ಗೊತ್ತು. ಯೋಚಿಸಿ, ಯಾರನ್ನು ಎಲ್ಲರಿಗಿಂತ ಕಡಿಮೆ ನಂಬುತ್ತೇನೋ ಅವರ ಹತ್ತಿರವೇ ಇಡುವುದೆಂದು ತೀರ್ಮಾನಿಸಿದೆ. ಮಗಳು ಅಲ್ಲಿ ಹುಡುಕುವುದಿಲ್ಲ. ಕಾಕೂಗೆ ಹೇಳಿ ಅವರ ಮಂಚದ ಕೆಳಗೆ ಇಡಿಸಿದೆ. ಕಾಕೂ ಮೊದಲು ಅದನ್ನು ಮೂಸಿ ನೋಡಿದರು, ಆಮೇಲೆ ಒಪ್ಪಿದರು.

ಶನಿವಾರ ಬ್ಯಾಂಕಿನಿಂದ ಬಂದಾಗ ಮಗಳು ಇರಲಿಲ್ಲ. ಕೆಳಗೆ ಓಡಿದೆ. ಮಂಚದ ಕೆಳಗೆ ಕಾಕೂನ ಚಪ್ಪಲಿಗಳಷ್ಟೇ ಇದ್ದವು.

"ಪೋರೀನಂ ಮಾಗಿತಲಂ, ಮೀ ದಿಲಂ" ಎಂದರು ಕಾಕೂ. ಹುಡುಗಿ ಕೇಳಿದಳು, ನಾನು ಕೊಟ್ಟೆ. "ತಿಚಂಚ ಆಹೇ ನಾ?" ಎಂದು ಅವರೇ ನನ್ನನ್ನು ಕೇಳಿದರು. ಅದು ಅವಳದೇ ತಾನೆ? ಪಾಸ್‌ಪೋರ್ಟ್ ಕೇಳಿದ ಹೆಂಗಸಿನಿಂದ ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಜೀಪು ಹಿಡಿಯಲು ಓಡಿದೆ.

ದಿಂಡೋರಿಯ ಜೀಪಿನಲ್ಲಿ ಇಬ್ಬರ ಸೀಟಿನಲ್ಲಿ ನಾಲ್ವರಾಗಿ ಕೂತು ಹೋದೆ. ಅಲ್ಲಿಂದ ರಿಕ್ಷಾ. ರಸ್ತೆಯ ಎರಡೂ ಕಡೆ ದ್ರಾಕ್ಷಿಯ ಸಾಲು. ಗೇಟಿನ ಕಾವಲುಗಾರ ಎಲ್ಲರ ಪಾಸು ನೋಡಿ ಬಿಡುತ್ತಿದ್ದವನು ನನ್ನ ಮುಖ ನೋಡಿದ್ದೇ "ಆರ್ಟಿಸ್ಟ್? ಆ ಕಡೆಯಿಂದ ಹೋಗಿ" ಎಂದು ಕೈ ತೋರಿಸಿದ. ಜೀವನದಲ್ಲಿ ಮೊದಲ ಸಲ ನನ್ನ ಮುಖಕ್ಕೆ ಗೇಟು ತಾನಾಗಿ ತೆರೆಯಿತು. ನಾನು ಅದನ್ನೂ ನಂಬಲಿಲ್ಲ.

ಹುಲ್ಲಿನ ಮೇಲೆ ಕುರ್ಚಿಗಳು, ಜನರ ಕೈಯಲ್ಲಿ ಗ್ಲಾಸು, ಇನ್ನೂ ಬಿಸಿಲಿತ್ತು. ಸಣ್ಣ ವೇದಿಕೆಯ ಮೇಲೆ ಮಗಳು ಕೂತಿದ್ದಳು. ಜೀನ್ಸಿನ ಮೇಲೆ ಹಸಿರು ಪ್ಲಾಸ್ಟಿಕ್ ಎಲೆಯ ಲಂಗ. ಕೆನ್ನೆಯ ಮೇಲೆ ಬಿಳಿ ಚುಕ್ಕೆ. ತೊಡೆಯ ಮೇಲೆ ಅವ್ವನ ಡಮಾಮಿ. ನಾನು ಹೇಳಿದ ಹಾಗೆಯೇ ಆಗಿತ್ತು, ಒಂದು ಎಲೆಯೂ ಹೆಚ್ಚುಕಡಿಮೆ ಇರಲಿಲ್ಲ. ನನ್ನ ಅನುಮಾನ ನಿಜವಾದಾಗ ಸಾಮಾನ್ಯವಾಗಿ ನನಗೆ ಒಂದು ಸಮಾಧಾನ ಸಿಗುತ್ತದೆ. ಅಂದು ಸಿಗಲಿಲ್ಲ, ಅಳು ಬಂತು.

ಮೊಂಬಾಸಾದ ಹುಡುಗ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದ. ಎಲೆ ಕಟ್ಟಿಕೊಳ್ಳಲು ಅವನಿಗೂ ಹೇಳಿದ್ದರಂತೆ, ವಿಡಿಯೋವನ್ನು ಊರಿನಲ್ಲಿ ತನ್ನ ಅವ್ವ ನೋಡುತ್ತಾಳೆ ಎಂದು ಒಲ್ಲೆ ಎಂದನಂತೆ. ನನ್ನ ಮಗಳು ತನ್ನ ಅವ್ವ ನೋಡುವುದಿಲ್ಲ ಎಂದು ನಂಬಿದ್ದಳು.

ನಾನು ವೇದಿಕೆ ಹತ್ತಿದೆ. ಯಾರನ್ನೂ ಕೇಳದೆ ಅವಳ ತೊಡೆಯ ಮೇಲಿಂದ ಡಮಾಮಿಯನ್ನು ಎತ್ತಿಕೊಂಡೆ. ಕಾರ್ಯಕ್ರಮ ನಡೆಸುತ್ತಿದ್ದ ಯುವಕ ಕ್ಷಣ ತಬ್ಬಿಬ್ಬಾಗಿ, ಆಮೇಲೆ ಮೈಕಿನಲ್ಲಿ ತಾಯಿ-ಮಗಳ ಜೋಡಿ ಎಂದು ಸಾರಿದ. ಜನ ಚಪ್ಪಾಳೆ ತಟ್ಟಿದರು.

ಮಗಳು ಎದ್ದು ನನ್ನ ಕಿವಿಯ ಹತ್ತಿರ ಬಂದಳು. "ಬ್ಯಾಡ ಮಮ್ಮಿ. ಎಲ್ಲಾರೂ ನೋಡಾಕತ್ತಾರ" ಎಂದಳು. ಅವಳ ಬಾಯಿಂದ ಇಡೀ ಒಂದು ವಾಕ್ಯ ಕನ್ನಡ ಬಂದು ವರ್ಷಗಳಾಗಿದ್ದವು.

"ನೋಡ್ಲಿ. ಮನಿಗೆ ನಡಿ."

ಅವಳು ಬರಲಿಲ್ಲ. ಡಮಾಮಿಗಾಗಿ ಕೈಯನ್ನೂ ಚಾಚಲಿಲ್ಲ. ಜನರ ಕಡೆ ತಿರುಗಿ ಬರಿಗೈಯಲ್ಲಿ ಚಪ್ಪಾಳೆ ಹಾಕುತ್ತ ಹಾಡಲು ಶುರು ಮಾಡಿದಳು.

ಹೊಳಿ ದಾಟಿ ಬಂದೇವು, ಹಿತ್ತಲ ಬಾಗಿಲ ತೆರದಿಟ್ಟು,
ಒಲಿಮ್ಯಾಲ ಗಡಗಿ ಬಿಟ್ಟು, ಕೂಸಿನ ಕೈ ಹಿಡಕೊಂಡು.

ಅವ್ವನ ಹಾಡು. ಈ ಹಾಡನ್ನು ನಾನು ಮಗಳಿಗೆ ಎಂದೂ ಕಲಿಸಿರಲಿಲ್ಲ. ಅವಳು ಕುಣಿಯುತ್ತ ಎರಡು ಹೆಜ್ಜೆ ಹಾಕಿದಾಗ ಪ್ಲಾಸ್ಟಿಕ್ ಎಲೆಗಳು ಚರಚರ ಎಂದವು. ತಾಳಕ್ಕೆ ಅದು ಅಡ್ಡ ಬರುತ್ತಿತ್ತು. ಅವಳು ಮುಖ ಸಿಂಡರಿಸಿ, ಹಾಡು ನಿಲ್ಲಿಸದೆ, ಒಂದೇ ಕೈಯಲ್ಲಿ ಹಿಂದಿನ ಗಂಟು ಎಳೆದು ಆ ಲಂಗವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ನನಗಾಗಿ ಬಿಚ್ಚಿದಳೋ ತಾಳಕ್ಕಾಗಿ ಬಿಚ್ಚಿದಳೋ ಇಂದಿಗೂ ನನಗೆ ಅನುಮಾನ ಇದೆ. ತಾಳಕ್ಕಾಗಿಯೇ ಇರಬೇಕು. ಅವಳು ಅಜ್ಜಿಯ ಮೊಮ್ಮಗಳು.

ಹುಡುಗ ತನ್ನ ಡೋಲಿನಲ್ಲಿ ಅವಳ ಹಿಂದೆ ಬರುತ್ತಿದ್ದ. ಆದರೆ ಒಂದು ಪೆಟ್ಟು ತಪ್ಪುತ್ತಿತ್ತು. ನಮ್ಮ ತಾಳ ಒಂದು ಕಡೆ ಕುಂಟಿ ನಡೆಯುತ್ತದೆ, ಹೊರಗಿನವರಿಗೆ ಅದು ಸಿಗುವುದಿಲ್ಲ. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಹಿರಿಯರನ್ನು ಕೇಳಲು ಕಾಯಿ ಇರಲಿಲ್ಲ. ಹಗ್ಗದಲ್ಲಿ ನೋಡಿದರೆ ಹೊಸ ಚೂರು ಆಗಲೇ ಇತ್ತು, ಮಗಳು ಹಿರಿಯರನ್ನು ಕೇಳಿಕೊಂಡೇ ಬಂದಿದ್ದಳು. ಕೂತು, ಡಮಾಮಿಯನ್ನು ಅಡ್ಡ ಇಟ್ಟುಕೊಂಡು, ಆ ತಪ್ಪುತ್ತಿದ್ದ ಪೆಟ್ಟನ್ನು ಹಾಕಿದೆ. ಅವ್ವ ಬೇಡ ಎಂದಿದ್ದಳು. ಎದುರಿಗೆ ಗ್ಲಾಸು ಹಿಡಿದು ಕೂತವರು ಅಂಥವರೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೂ ಹಾಕಿದೆ.

ಮಗಳು ಹಾಡಿನ ಮುಂದಿನ ಸಾಲಿಗೆ ಬಂದಳು. 'ತಿರುಗಿ ನಿಂತು ಕರದೇವು' ಎಂದಳು. ಆಮೇಲೆ ಬಾಯಿ ಮುಚ್ಚಿ ಗುನುಗಿದಳು, ಹ್ಞೂಂ ಹ್ಞೂಂ ಹ್ಞೂಂ ಎಂದು, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ. ಮತ್ತೆ ಮೊದಲಿನ ಸಾಲು ಹಿಡಿದಳು.

ನನ್ನ ಕೈ ಒಂದು ಕ್ಷಣ ನಿಂತಿತು. ಅಲ್ಲಿ ಗುನುಗು ಇಲ್ಲ. ಅಲ್ಲೊಂದು ಹೆಸರಿದೆ. ಹೊಳೆ ದಾಟಿದವರು ತಿರುಗಿ ನಿಂತು ಯಾರನ್ನೋ ಹೆಸರು ಹಿಡಿದು ಕರೆಯುತ್ತಾರೆ. ಆ ಹೆಸರು ನನಗೆ ಮರೆತಿದೆ. ರೊಟ್ಟಿ ಬಡಿಯುವಾಗ ನಾನು ನನ್ನಷ್ಟಕ್ಕೆ ಹಾಡಿಕೊಳ್ಳುತ್ತೇನೆ, ಆ ಜಾಗ ಬಂದಾಗ ಗುನುಗಿ ದಾಟಿಬಿಡುತ್ತೇನೆ. ಬಾಗಿಲ ಹಿಂದೆ ಕೂತು ಕದ್ದು ಕೇಳಿದವಳು ನನ್ನ ಮರೆವನ್ನೂ ಹಾಡೆಂದೇ ಕಲಿತಿದ್ದಳು.

ಮುಗಿದ ಮೇಲೆ ಹುಡುಗ ನನ್ನ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು. ಆ ಗುನುಗು, ಮಾಮಾ, ಅದು ನಮ್ಮದು, ಉಳಿದದ್ದೆಲ್ಲ ಈ ಕಡೆಯ ಮಾತು, ಅದೊಂದು ಮಾತ್ರ ಅಲ್ಲಿಂದ ಬಂದದ್ದು, ನನ್ನ ಅಜ್ಜಿಯೂ ಹಾಗೆಯೇ ಗುನುಗುತ್ತಿದ್ದಳು ಎಂದ. ಮಗಳು ಹೆಮ್ಮೆಯಿಂದ ನಿಂತಿದ್ದಳು, ಕೆನ್ನೆಯ ಚುಕ್ಕೆ ಬೆವರಿಗೆ ಕರಗಿ ಇಳಿಯುತ್ತಿತ್ತು. ನನ್ನ ಸೆರಗಿನಿಂದ ಅದನ್ನು ಒರೆಸಿದೆ.

ಮರುದಿನ ಬೆಳಿಗ್ಗೆ 'ಮಾಮಾಗೆ ಅಭ್ಯಂತರವಿಲ್ಲದಿದ್ದರೆ ಹಾಡು ಕಲಿಯಲು ಮನೆಗೆ ಬರುತ್ತೇನೆ' ಎಂದು ಹುಡುಗ ಮಗಳಿಗೆ ಹೇಳಿ ಕಳಿಸಿದ. ಬರಲಿ ಎಂದು ಹೇಳಿ, ಮೊದಲು ಊರಿಗೆ, ಅಕ್ಕನಿಗೆ ಫೋನು ಮಾಡಿದೆ. ಹಾಡಿ ತೋರಿಸಿ, 'ಕರದೇವು' ಆದ ಮೇಲೆ ಏನು ಬರುತ್ತದೆ ಎಂದು ಕೇಳಿದೆ.

"ಏನಿಲ್ಲ" ಎಂದಳು ಅಕ್ಕ. "ಅಲ್ಲಿ ಹ್ಞೂಂ ಅನ್ನೂದು."

"ಹೆಸರೈತಿ ಅಲ್ಲಿ. ಅವ್ವ ಅಂತಿದ್ಲು, ನಾ ಕೇಳೇನಿ."

"ಅವ್ವಾನೂ ಹ್ಞೂಂ ಅಂತಿದ್ಲು. ಅವ್ವನ ಅವ್ವಾನೂ ಹಂಗ ಅಂತಿದ್ಲಂತ. ನಿನಗ ಕನಸ ಬಿದ್ದಿರಬೇಕು."

ಅಕ್ಕನಿಗೂ ಮರೆತಿದ್ದು, ಒಪ್ಪಿಕೊಳ್ಳಲು ಮನಸ್ಸಿಲ್ಲದೆ ಅವ್ವನ ಮೇಲೆ ಹಾಕುತ್ತಿದ್ದಾಳೆ ಎಂದು ಮೊದಲು ಅನಿಸಿತು. ಅವಳು ಅದಕ್ಕೆ ಹೇಸುವವಳಲ್ಲ. ಆದರೆ ಫೋನು ಇಟ್ಟ ಮೇಲೆ ಎಷ್ಟು ಕಿವಿಗೊಟ್ಟರೂ ಅವ್ವನ ದನಿಯಲ್ಲಿ ನನಗೆ ಆ ಹೆಸರು ಕೇಳಿಸಲಿಲ್ಲ. ಅವ್ವನ ಮುಖ ಕಾಣುತ್ತಿತ್ತು, ಬಾಯಿ ಮುಚ್ಚಿತ್ತು. ಹಾಗಾದರೆ ಅದು ನಾಸಿಕದ ನನ್ನ ಅಡುಗೆಮನೆಯಲ್ಲಿ ಮರೆತದ್ದಲ್ಲ. ಘಟ್ಟದಲ್ಲೋ, ಗೋವಾದಲ್ಲೋ, ಹಡಗಿನಲ್ಲೋ, ಯಾವ ಹೆಂಗಸಿನ ಬಾಯಲ್ಲಿ ಕಳೆದುಹೋಯಿತೋ ಹೇಳುವವರಿಲ್ಲ. ಅಥವಾ ಹೆಸರು ಕೂಗಿದರೆ ಯಾರಾದರೂ ಕೇಳಿಸಿಕೊಂಡು ಬೆನ್ನಟ್ಟುತ್ತಾರೆ ಎಂಬ ಭಯಕ್ಕೆ ಮೊದಲನೆಯವಳೇ ಬಾಯಿ ಮುಚ್ಚಿಕೊಂಡಳೋ. ನಾನು ಅವಳ ಜಾಗದಲ್ಲಿದ್ದಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಹುಡುಗ ಬಂದ. ಕಾಕೂ ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿ ಬಹಳ ಹೊತ್ತು ವಿಚಾರಣೆ ಮಾಡಿ ಮೇಲೆ ಕಳಿಸಿದರು. ಚಹಾ ಕೊಟ್ಟೆ. ಮಗಳು ಡಮಾಮಿಯನ್ನು ಇಳಿಸಿ ಕಾಯಿ ಒಡೆದಳು. ಅವಳೇ ಹಾಡಿ ತೋರಿಸಿದಳು, ಹುಡುಗ ಫೋನಿನಲ್ಲಿ ಹಿಡಿದುಕೊಂಡ. ಗುನುಗು ಬಂದಾಗ ಇಬ್ಬರೂ ಕಣ್ಣು ಮುಚ್ಚಿದರು.

"ಮಮ್ಮಿ, ಇದರ ಅರ್ಥ ಏನು?" ಎಂದು ಮಗಳು ಕೇಳಿದಳು. "ಯಾರನ್ನ ಕರೀತಾರ?"

ಅವಳನ್ನು ನೋಡಿದೆ, ಅವನನ್ನು ನೋಡಿದೆ. ಒಂದು ಹೆಸರು ಕಟ್ಟಿ ಕೊಡುವುದು ಕಷ್ಟವಿರಲಿಲ್ಲ. ಇಬ್ಬರೂ ನಂಬುತ್ತಿದ್ದರು, ಮುಂದಿನವರೂ ನಂಬುತ್ತಿದ್ದರು.

"ಅಲ್ಲೊಂದು ಹೆಸರಿತ್ತು" ಎಂದೆ. "ನಮ್ಮವರಿಗೆ ಯಾರಿಗೂ ನೆನಪಿಲ್ಲ. ಬ್ಯಾರೆ ಹೆಸರು ತುಂಬಬ್ಯಾಡ್ರಿ. ಆ ಜಾಗ ಬಿಟ್ಟೂ ಹಾಡಬ್ಯಾಡ್ರಿ."